ಯಾರೂ ಕೇಳಿರಲಿಲ್ಲ

18 ನವೆಂಬರ್ 2024, ಸೋಮವಾರ

ಮೂರನೆಯ ಪೀರಿಯಡ್ ಮುಗಿಸಿ ಬರುವಷ್ಟರಲ್ಲಿ ಸಿಪಾಯಿ ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತಿದ್ದ. ‘ಪ್ರಿನ್ಸಿಪಾಲರು ಕರ್ಯಾಕತ್ತಾರ್ರಿ ಮೇಡಂ.’ ಏಡ್ಸ್ ದಿನದ ಸುತ್ತೋಲೆ ಬಂದಿದೆ. ಡಿಸೆಂಬರ್ 1 ಈ ಸಲ ರವಿವಾರ, ಹಾಗಾಗಿ ಕಾರ್ಯಕ್ರಮ ಮರುದಿನ. ರೆಡ್ ರಿಬ್ಬನ್ ಕ್ಲಬ್ಬು ನನ್ನ ಪಾಲಿಗೆ ಬಂದು ನಾಲ್ಕು ವರ್ಷವಾಯಿತು. ಕನ್ನಡ ಕಲಿಸುವವಳಿಗೆ ಇದು ಯಾಕೆ ಎಂದು ಆಗ ಕೇಳಿದ್ದೆ. ‘ಝೂವಾಲಜಿಯವರು ಹೇಳಿದ್ರ ಪಾಠ ಆಗ್ತದ, ನೀವು ಹೇಳಿದ್ರ ಮಾತಾಗ್ತದ’ ಎಂದಿದ್ದರು ಆಗಿನ ಪ್ರಿನ್ಸಿಪಾಲರು. ಆ ಮಾತಿಗೆ ಕಟ್ಟುಬಿದ್ದು ಒಪ್ಪಿಕೊಂಡವಳು, ಈಗ ಬಿಡು ಎಂದರೂ ಬಿಡಲಾರೆ.

ಜಾಥಾ, ರಸಪ್ರಶ್ನೆ, ಪೋಸ್ಟರ್ ಸ್ಪರ್ಧೆ ಪ್ರತಿವರ್ಷದ್ದೇ. ಈ ವರ್ಷ ಒಂದು ಹೆಚ್ಚಿಗೆ: ಸೆಮಿನಾರ್ ಹಾಲಿನಲ್ಲಿ ರಕ್ತಪರೀಕ್ಷೆಯ ಶಿಬಿರ. ಮೂರನೆಯ ಮತ್ತು ಐದನೆಯ ಸೆಮಿಸ್ಟರಿನವರ ಪಟ್ಟಿ ರೋಲ್ ನಂಬರ್ ಪ್ರಕಾರ, ಹೆಸರಿನ ಮುಂದೆ ಸಹಿ, ಬಾರದವರಿಗೆ ಅವತ್ತಿನ ಹಾಜರಿ ಇಲ್ಲ. ಬ್ಯಾನರಿನ ಒಕ್ಕಣೆಯನ್ನೂ ಬರೆದಿಟ್ಟಿದ್ದರು: ‘ಸ್ವಯಂಪ್ರೇರಿತ ಎಚ್‌ಐವಿ ಪರೀಕ್ಷೆ – ಶೇ. 100 ಸಾಧನೆ’.

ಆ ಎರಡು ಮಾತು ಒಂದೇ ಸಾಲಿನಲ್ಲಿ ಕೂತದ್ದು ನೋಡಿ ಗಂಟಲು ಕಟ್ಟಿತು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ‘ಪಟ್ಟಿ ಮಾಡ್ತೀನಿ ಸರ್’ ಎಂದು ಹೊರಗೆ ಬಂದೆ. ಮನೆಗೆ ಬರುವ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಕ್ರಾಸಿನಿಂದ ಸೇತುವೆಯವರೆಗೂ ನಿಂತಿತ್ತು. ಅರ್ಧ ತಾಸು ಸ್ಕೂಟಿ ಮೇಲೆ ಕೂತು ಅದನ್ನೇ ಯೋಚಿಸಿದೆ. ಪಟ್ಟಿ ಮಾಡುತ್ತೇನೆ ಎಂದು ಹೇಳಬಾರದಿತ್ತು.

21 ನವೆಂಬರ್, ಗುರುವಾರ

ರಸಪ್ರಶ್ನೆಯ ತಾಲೀಮು. ನಮ್ಮ ಮಕ್ಕಳು ಈ ವಿಷಯದಲ್ಲಿ ಬಹಳ ಚುರುಕು. ದೇಶದಲ್ಲಿ ಮೊದಲ ಸೋಂಕು ಪತ್ತೆಯಾದದ್ದು? 1986. ವಿಶ್ವ ಏಡ್ಸ್ ದಿನ ಶುರುವಾದದ್ದು? 1988. ಉಚಿತ ಸಹಾಯವಾಣಿ? 1097. ಪ್ರಶ್ನೆ ಮುಗಿಯುವ ಮೊದಲೇ ಬಝರ್ ಒತ್ತುತ್ತಾರೆ. ಕೊನೆಗೆ ನಾನು ಪುಸ್ತಕದಲ್ಲಿಲ್ಲದ ಒಂದು ಕೇಳಿದೆ: ‘ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಪರೀಕ್ಷೆ ಯಾವ ಕೋಣೆಯಲ್ಲಿ ಮಾಡ್ತಾರೆ?’ ಯಾರೂ ಬಝರ್ ಮುಟ್ಟಲಿಲ್ಲ. ಹಿಂದಿನ ಬೆಂಚಿನ ಒಬ್ಬ ಹುಡುಗ ಗೋಡೆ ನೋಡತೊಡಗಿದ. ಅವನಿಗೆ ಗೊತ್ತಿತ್ತು. ಗೊತ್ತಿದೆ ಎಂದು ಹೇಳುವಂತಿರಲಿಲ್ಲ, ಅಷ್ಟೇ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಎಚ್‌ಐವಿ ಬಗ್ಗೆ ‘ಸಮಗ್ರ ತಿಳಿವಳಿಕೆ’ ಇರುವವರನ್ನು ಎಣಿಸಿದೆ. ಹೆಸರು ಕೇಳಿದ್ದರೆ ಸಾಲದು. ಕಾಂಡೋಮು ಮತ್ತು ಒಬ್ಬರೇ ಸಂಗಾತಿಯ ನಿಷ್ಠೆ ಸೋಂಕಿನ ಅಪಾಯ ತಗ್ಗಿಸುತ್ತವೆ ಎಂಬುದು ಗೊತ್ತಿರಬೇಕು, ನೋಡಲು ಗಟ್ಟಿಮುಟ್ಟಾಗಿರುವವರಲ್ಲೂ ವೈರಸ್ಸು ಇರಬಹುದು ಎಂಬುದು ಗೊತ್ತಿರಬೇಕು, ಜನರಲ್ಲಿ ಹೆಚ್ಚು ಓಡಾಡುವ ಎರಡು ತಪ್ಪು ಕಲ್ಪನೆಗಳನ್ನು ತಳ್ಳಿಹಾಕಬೇಕು. ಅಷ್ಟು ಗೊತ್ತಿದ್ದವರು ಹೆಂಗಸರಲ್ಲಿ ನೂರಕ್ಕೆ ಸುಮಾರು 22, ಗಂಡಸರಲ್ಲಿ ಸುಮಾರು 31. ಹಿಂದಿನ ಸಮೀಕ್ಷೆಗೂ ಇದಕ್ಕೂ ಹೆಚ್ಚು ಅಂತರವೇ ಇಲ್ಲ. ನಡುವೆ ಎಷ್ಟು ಜಾಥಾ ಹೋದವೋ!

ಐದನೆಯ ಸೆಮಿಸ್ಟರಿನವರು ಹುಟ್ಟಿದ್ದು 2004ರ ಸುಮಾರಿಗೆ. ಸರಕಾರ ಎಚ್‌ಐವಿಗೆ ಉಚಿತ ಎಆರ್‌ಟಿ ಔಷಧ ಕೊಡಲು ಶುರುಮಾಡಿದ್ದು ಅದೇ ವರ್ಷದ ಏಪ್ರಿಲ್ 1ರಂದು. ಈ ರೋಗದಿಂದ ಜನ ಸಾಲುಸಾಲಾಗಿ ಹೋದ ಕಾಲವನ್ನು ಇವರು ಕಂಡಿಲ್ಲ. ನಾನು ಕಂಡಿದ್ದೇನೆ. ನಾನು ಬಿ.ಎ. ಓದುವಾಗ ಬಾಗಲಕೋಟೆ ಜಿಲ್ಲೆಯ ಹೆಸರು ಬಂದರೆ ಸಾಕು, ಆರೋಗ್ಯ ಇಲಾಖೆಯವರ ಮುಖ ಗಂಭೀರವಾಗುತ್ತಿತ್ತು. ನಮ್ಮ ಓಣಿಯಲ್ಲೇ ಎರಡು ವರ್ಷದಲ್ಲಿ ನಾಲ್ಕು ಹೆಣ ಎದ್ದವು. ಲಾರಿ ಹೊಡೆಯುತ್ತಿದ್ದ ನಮ್ಮ ಸಣ್ಣಕಾಕಾ ಅದರಲ್ಲೊಬ್ಬ. ಕಾಮಾಲೆ ಎಂದರು. ಅವನ ತಾಟು, ತಂಬಿಗೆ ಹಿತ್ತಲ ಕಟ್ಟೆಯ ಮೇಲೆ ಬೇರೆಯಾಗಿ ಇರುತ್ತಿದ್ದವು. ಕಾಮಾಲೆಯವನಿಗೆ ಹಾಗೆ ಯಾರೂ ಇಡುವುದಿಲ್ಲ ಎಂಬುದು ನನಗೆ ಆಗಲೇ ಗೊತ್ತಿತ್ತು.

23 ನವೆಂಬರ್, ಶನಿವಾರ

ಗ್ರಂಥಾಲಯದ ಬಾಗಿಲ ಹತ್ತಿರ ಇಟ್ಟಿದ್ದ ಪ್ರಶ್ನೆಪೆಟ್ಟಿಗೆಯನ್ನು ಇವತ್ತು ಮನೆಗೆ ತಂದೆ. ಶೂ ಡಬ್ಬಿಗೆ ಕೆಂಪು ಕಾಗದ ಅಂಟಿಸಿದ್ದು. ಹೆಸರು ಬರೆಯಬೇಡಿ ಎಂದಿದ್ದೆ. ಅಡುಗೆಮನೆಯ ಟೇಬಲ್ಲಿನ ಮೇಲೆ ಸುರಿದು ಎಣಿಸಿದರೆ 63 ಚೀಟಿ! ಐದಾರು ಬರಬಹುದು ಅಂದುಕೊಂಡಿದ್ದೆ.

ಸೊಳ್ಳೆ ಕಡಿದರೆ ಬರುತ್ತದೆಯೇ ಎಂಬುದು ಏಳು ಚೀಟಿಗಳಲ್ಲಿ. ಕಟಿಂಗ್ ಶಾಪಿನ ಬ್ಲೇಡು ಐದರಲ್ಲಿ. ‘ಜಾತ್ರ್ಯಾಗ ಹಚ್ಚಿ ಹಾಕಿಸಿಕೊಂಡೀನಿ, ಒಂದ ಸೂಜಿಲೆ ಎಲ್ಲಾರಿಗೂ ಹಾಕಿದ್ರು, ಏನಾದ್ರೂ ಆಗ್ತದೇನ್ರಿ’ ಎಂದು ಒಂದು. ಇದು ಕೇಳಬೇಕಾದ ಪ್ರಶ್ನೆ. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಹೋಗಬಾರದು. ‘ಕಾಂಡೋಮ್ ಹರಿದರೆ ಏನು ಮಾಡಬೇಕು’ ಎಂದು ಒಂದು, ಅಕ್ಷರ ಬಹಳ ಸಣ್ಣ. ಆ ಮಗುವಿಗೆ ಯಾರಾದರೂ 72 ತಾಸಿನೊಳಗೆ ಆಸ್ಪತ್ರೆಗೆ ಹೋಗು, ಸೋಂಕು ತಗಲದ ಹಾಗೆ 28 ದಿನ ನುಂಗುವ ಗುಳಿಗೆ ಇದೆ ಎಂದು ಹೇಳಿದ್ದಾರೆಯೇ? ಚೀಟಿ ಪೆಟ್ಟಿಗೆಯಲ್ಲಿ ಎಷ್ಟು ದಿನ ಇತ್ತೋ. ಬೀಗ ಹಾಕಿ ವಾರಕ್ಕೊಮ್ಮೆ ತೆಗೆಯುವುದೆಂದು ನಾನೇ ಮಾಡಿದ ನಿಯಮ ಎದೆಗೆ ಚುಚ್ಚಿತು. ಸೋಮವಾರದಿಂದ ದಿನಾ ಸಂಜೆ ತೆಗೆಯಬೇಕು. 72 ತಾಸಿನ ಮಾತನ್ನು ಪೆಟ್ಟಿಗೆಯ ಮೇಲೇ ದಪ್ಪ ಅಕ್ಷರದಲ್ಲಿ ಬರೆಯಬೇಕು.

ಮೂವತ್ತಕ್ಕೂ ಹೆಚ್ಚು ಚೀಟಿಗಳು ರೋಗದ ಬಗ್ಗೆಯೇ ಅಲ್ಲ, ಪರೀಕ್ಷೆಯ ಬಗ್ಗೆ. ಆಧಾರ್ ಕಾರ್ಡ್ ಕೇಳುತ್ತಾರೆಯೇ? ಮನೆಗೆ ಫೋನ್ ಹೋಗುತ್ತದೆಯೇ? ಊರ ಆಶಾ ಕಾರ್ಯಕರ್ತೆಗೆ ಗೊತ್ತಾಗುತ್ತದೆಯೇ (ಆಕಿ ನಮ್ಮ ಅತ್ತಿ ಆಗಬೇಕ್ರಿ)? ನೆಗೆಟಿವ್ ಬಂದರೂ, ಹೋಗಿದ್ದಕ್ಕೇ ಹೆಸರು ಕೆಡುತ್ತದಲ್ಲ, ಅದಕ್ಕೇನು ಮಾಡುವುದು? ಒಂದು ಚೀಟಿ ಬರೀ ಒಂದು ಸಾಲು: ‘ಹೋಗೂ ಮನಸ್ಸೈತ್ರಿ, ಆ ಕೋಣಿ ಮುಂದ ಬೆಂಚ್ ಹಾಕ್ಯಾರ್ರಿ.’

ಆ ಬೆಂಚನ್ನು ನಾನು ನೋಡಿದ್ದೇನೆ. ಹೊರರೋಗಿಗಳ ಚೀಟಿ ಕೊಡುವ ಕಿಟಕಿಯ ಎದುರಿಗೇ ಇದೆ. ಅಲ್ಲಿ ಕೂತವರನ್ನು ಇಡೀ ತಾಲ್ಲೂಕು ನೋಡಿಕೊಂಡು ಹೋಗುತ್ತದೆ. ಇಷ್ಟು ವರ್ಷ ವೈರಸ್ಸಿನ ಬಗ್ಗೆ ಹೇಳಿದೆ, ಆ ಬೆಂಚಿನ ಬಗ್ಗೆ ಒಂದು ಮಾತು ಹೇಳಲಿಲ್ಲ.

26 ನವೆಂಬರ್, ಮಂಗಳವಾರ

ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಗೆ ಹೋದೆ. ಬಾಗಿಲ ಮೇಲೆ ‘ಐಸಿಟಿಸಿ – ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ’. ಕೌನ್ಸೆಲಿಂಗ್‌ಗೆ ‘ಆಪ್ತ ಸಮಾಲೋಚನೆ’ ಎಂದು ಮಾಡಿದವರು ಯಾರೋ, ಅವರಿಗೆ ಕೈ ಮುಗಿಯಬೇಕು. ಆಪ್ತ ಎಂದರೆ ಹತ್ತಿರದವರು, ನಂಬಬಹುದಾದವರು. ನಮ್ಮ ಕಚೇರಿಗಳ ಫಲಕಗಳಲ್ಲಿ ಇಂಥ ಎದೆಗೆ ಹತ್ತಿರದ ಮಾತು ಬೇರೆ ಇಲ್ಲ. ಜನ ಮಾತ್ರ ಅದನ್ನು ಓದುವುದಿಲ್ಲ. ‘ಎಚ್‌ಐವಿ ಕೋಣಿ’ ಎನ್ನುತ್ತಾರೆ, ಹಿರಿಯರು ‘ದೊಡ್ಡ ಬ್ಯಾನಿ ಕೋಣಿ’ ಎನ್ನುತ್ತಾರೆ.

ಸಮಾಲೋಚಕಿ ನನಗಿಂತ ಚಿಕ್ಕವರು, ಹದಿನಾಲ್ಕು ವರ್ಷದಿಂದ ಇದೇ ಕುರ್ಚಿ. ಮೊದಲು ಮಾತು, ಆಮೇಲೆ ಒಪ್ಪಿಗೆ, ಆಮೇಲೆ ಸೂಜಿ ಎಂದು ಕ್ರಮ ಹೇಳಿದರು. ಮೊದಲನೆಯ ಕಿಟ್ಟಿನಲ್ಲಿ ಗೆರೆ ಬರದಿದ್ದರೆ ಅಲ್ಲಿಗೆ ಮುಗಿಯಿತು. ಬಂದರೆ ಬೇರೆ ಎರಡು ಬಗೆಯ ಕಿಟ್ಟುಗಳಲ್ಲಿ ಮತ್ತೆ ನೋಡುತ್ತಾರೆ. ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಪಾಸಿಟಿವ್. ಚಹಾ ಕುಡಿದು ಬರುವಷ್ಟರಲ್ಲಿ ಫಲಿತಾಂಶ ಸಿದ್ಧ. ಕೈಗೆ ಕೊಡುವುದು ಪರೀಕ್ಷೆ ಮಾಡಿಸಿಕೊಂಡವರಿಗೇ, ಕೂರಿಸಿಕೊಂಡು, ಬಾಗಿಲು ಹಾಕಿ. ಕಾಸು ಕೊಡುವುದಿಲ್ಲ. ಆಧಾರ್ ಇಲ್ಲವೆಂದು ತಾನು ಯಾರನ್ನೂ ವಾಪಸ್ ಕಳಿಸಿಲ್ಲ ಎಂದರು. ಸೋಂಕು ತಗಲಿದ ಮೊದಲ ಕೆಲವು ವಾರ ರಕ್ತದಲ್ಲಿ ಅದರ ಗುರುತು ಸಿಗದೆ ಹೋಗಬಹುದು, ಆದ್ದರಿಂದ ಅನುಮಾನವಿದ್ದವರು ಮೂರು ತಿಂಗಳಿಗೆ ಮತ್ತೆ ಬರಬೇಕು.

‘ಪಾಸಿಟಿವ್ ಬಂದವರು?’ ಎಂದೆ.

‘ಈಗ ರಕ್ತದಾಗ ಸಿಡಿ4 ಕಣ ಎಷ್ಟೈತಿ ಅಂತ ಕಾಯೂದಿಲ್ರಿ, 2017ರಿಂದ ಗೊತ್ತಾದ ಕೂಡಲೇ ಔಷಧ. ದಿನಕ್ಕ ಒಂದ ಗುಳಿಗಿ. ಬಿಡದೆ ತಗೊಂಡ್ರ ವೈರಸ್ಸು ಟೆಸ್ಟ್‌ನಾಗ ಸಿಗಲಾರದಷ್ಟು ಇಳೀತೈತಿ. ಹಂಗ ಇಳಿದು ನಿಂತ ಮ್ಯಾಲ ಗಂಡ-ಹೆಂಡ್ತಿ ಕೂಡಿದ್ರೂ ಇನ್ನೊಬ್ಬರಿಗೆ ಹೋಗೂದಿಲ್ರಿ. ಇದನ್ನ ಹೇಳಿದಾಗ ಅವರ ಮಾರಿ ನೋಡಬೇಕ್ರಿ ಮೇಡಂ.’ ಹೇಳುವಾಗ ಅವರದೇ ಮುಖ ಬೆಳಗಿತ್ತು.

ಪ್ರಿನ್ಸಿಪಾಲರ ಪಟ್ಟಿಯ ವಿಷಯ ತೆಗೆದೆ. ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ‘ಎಲ್ಲಾರ ಮುಂದ ಸಾಲಾಗಿ ನಿಲ್ಲಿಸಿ ತಗೊಂಡ್ರ, ಒಬ್ಬರಿಗೆ ಗೆರಿ ಬಂತು ಅಂತ ತಿಳೀರಿ. ಆ ಹುಡುಗನ್ನ ಮತ್ತ ಒಳಗ ಕರೀಬೇಕು. ಹೊರಗ ಇನ್ನೂರು ಮಂದಿ ನಿಂತಿರ್ತಾರ. ಯಾಕ ಕರದ್ರು ಅಂತ ಯಾರಿಗೆ ತಿಳಿಯೂದಿಲ್ಲ?’

ಬೆಂಚಿನ ಚೀಟಿಯನ್ನು ತೋರಿಸಿದೆ. ಓದಿ ಬಹಳ ಹೊತ್ತು ಸುಮ್ಮನಿದ್ದರು. ಹಿಂದಿನ ಕಡೆ ಔಷಧ ಉಗ್ರಾಣದ ಪಕ್ಕ ಒಂದು ಬಾಗಿಲಿದೆ, ಬೀಗ ತೆಗೆಸಲು ವೈದ್ಯಾಧಿಕಾರಿಗಳನ್ನು ಕೇಳುತ್ತೇನೆ ಎಂದರು.

28 ನವೆಂಬರ್, ಗುರುವಾರ

ಮಾತಾಡಿದೆ. ಪ್ರಿನ್ಸಿಪಾಲರ ಹತ್ತಿರ 2017ರ ಎಚ್‌ಐವಿ ಕಾಯ್ದೆಯ ಪ್ರತಿಯನ್ನೇ ತೆಗೆದುಕೊಂಡು ಹೋಗಿದ್ದೆ. ಅದು ಜಾರಿಗೆ ಬಂದದ್ದು 10 ಸೆಪ್ಟೆಂಬರ್ 2018ರಂದು. ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ. ಒಬ್ಬರ ಸ್ಥಿತಿಯನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ. ನೌಕರಿಗಾಗಲಿ ಓದಿಗಾಗಲಿ ಈ ಪರೀಕ್ಷೆಯನ್ನು ಷರತ್ತಾಗಿ ಇಡುವಂತಿಲ್ಲ. ‘ಹಾಜರಿ ಕೊಡೂದಿಲ್ಲ ಅಂದ್ರ ಅದು ಷರತ್ತೇ ಅಲ್ಲೇನ್ರಿ ಸರ್?’ ಎಂದೆ. ದನಿ ನಡುಗಿತು.

ಅವರು ಕೆಟ್ಟವರಲ್ಲ. ‘ಮಕ್ಕಳ ಒಳ್ಳೇದಕ್ಕ ಹೇಳಿದ್ದು ಮೇಡಂ’ ಎಂದರು. ಅದು ನಿಜ. ನಮ್ಮಲ್ಲಿ ಒಳ್ಳೆಯದಕ್ಕೆಂದು ಮಾಡುವುದನ್ನು ಕೇಳಿ ಮಾಡುವ ರೂಢಿ ಇಲ್ಲ. ಕೊನೆಗೆ ಶಿಬಿರ ಬಿಟ್ಟರು. ಸಮಾಲೋಚಕಿ ಬಂದು ಮಾತಾಡುವುದು, ಬೇಕಾದವರು ತಾವೇ ಆಸ್ಪತ್ರೆಗೆ ಹೋಗುವುದು ಎಂದಾಯಿತು. ‘ಆದ್ರ ಎಷ್ಟ ಮಂದಿ ಹೋದ್ರು ಅಂತ ವರದ್ಯಾಗ ಬರಬೇಕು ನೋಡ್ರಿ.’ ಆಗಲಿ ಎಂದೆ. ಮತ್ತೊಮ್ಮೆ ಯೋಚಿಸದೆ ಆಗಲಿ ಎಂದೆ.

2 ಡಿಸೆಂಬರ್, ಸೋಮವಾರ

ರಾತ್ರಿ ಹನ್ನೊಂದಾಗಿದೆ, ಬರೆಯದೆ ಮಲಗಲಾರೆ.

ಈ ವರ್ಷದ ಘೋಷವಾಕ್ಯ ಹಕ್ಕುಗಳ ಹಾದಿಯ ಬಗ್ಗೆ. ‘ನನ್ನ ಆರೋಗ್ಯ, ನನ್ನ ಹಕ್ಕು’ ಎಂದು ಫಲಕ ಹಿಡಿದು ಮಕ್ಕಳು ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬಂದರು. ಆಮೇಲೆ ಸಭೆ. ನಾನು ಈ ಸಲ ವೈರಸ್ಸಿನ ಮಾತು ಬಿಟ್ಟು ನಿರ್ಮಲಾ ಅವರ ಕತೆ ಹೇಳಿದೆ, ರಸಪ್ರಶ್ನೆಯ ಆ ‘1986’ರ ಹಿಂದಿನ ಕತೆ. ಸೆಲ್ಲಪ್ಪನ್ ನಿರ್ಮಲಾ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ವಿದ್ಯಾರ್ಥಿನಿ. ಏಡ್ಸ್ ಪರದೇಶದ ರೋಗ, ನಮ್ಮಲ್ಲಿಲ್ಲ ಎಂದು ದೇಶ ನಂಬಿದ್ದ ಕಾಲ. ಗುರು ಸುನೀತಿ ಸೊಲೊಮನ್ ಇದನ್ನೇ ಪ್ರಬಂಧಕ್ಕೆ ತೆಗೆದುಕೋ ಎಂದರು. ರಿಮ್ಯಾಂಡ್ ಹೋಮಿನಲ್ಲಿ ಇರಿಸಿದ್ದ ಲೈಂಗಿಕ ವೃತ್ತಿಯ ಹೆಂಗಸರಿಂದ ರಕ್ತ ತೆಗೆದು, ಮನೆಯ ಫ್ರಿಜ್ಜಿನಲ್ಲಿಟ್ಟು, ಗಂಡನ ಜೊತೆ ರಾತ್ರಿ ರೈಲು ಹತ್ತಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಒಯ್ದರು. ಆರು ಮಾದರಿಗಳು ಹಳದಿಗೆ ತಿರುಗಿದವು. ದೇಶದ ಕಣ್ಣು ತೆರೆಸಿದ್ದು ಒಬ್ಬ ವಿದ್ಯಾರ್ಥಿನಿ ಎಂದು ಹೇಳುವಾಗ ನನ್ನ ದನಿಯಲ್ಲಿ ಹೆಮ್ಮೆ ಇತ್ತು, ಹುಡುಗಿಯರ ಸಾಲು ಚಪ್ಪಾಳೆ ಹೊಡೆಯಿತು.

ಚಪ್ಪಾಳೆ ನಿಂತ ಮೇಲೆ ಐದನೆಯ ಸೆಮಿಸ್ಟರಿನ ಒಬ್ಬಳು ಎದ್ದು ನಿಂತಳು. ‘ಮೇಡಂ, ಆ ಹೆಣ್ಮಕ್ಕಳಿಗೆ ಇದು ಏಡ್ಸ್ ಪರೀಕ್ಷಾ ಅಂತ ಹೇಳಿದ್ರೇನ್ರಿ?’

ಹೇಳಿರಲಿಲ್ಲ. ಅದನ್ನು ನಿರ್ಮಲಾ ಅವರೇ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಆ ಹೆಂಗಸರು ಗುಪ್ತರೋಗದ ಪರೀಕ್ಷೆ ಇರಬೇಕು ಎಂದುಕೊಂಡಿದ್ದರು. ಈ ಕತೆಯನ್ನು ನಾನು ಎಷ್ಟು ಸಲ ಓದಿದ್ದೇನೋ, ಒಂದು ಸಲವೂ ಆ ಹೆಂಗಸರ ಕಡೆಯಿಂದ ಓದಿರಲಿಲ್ಲ. ಇಪ್ಪತ್ತರ ಹುಡುಗಿ ಒಂದೇ ಸಲ ಕೇಳಿ ಅಲ್ಲಿಗೆ ಹೋಗಿಬಿಟ್ಟಳು. ಇದ್ದದ್ದು ಇದ್ದ ಹಾಗೆ ಹೇಳಿದೆ. ಸಭೆ ನಿಶ್ಶಬ್ದವಾಯಿತು.

ಆಗ ಗೋವೆಯ ಡೊಮಿನಿಕ್ ಡಿಸೋಜಾ ನೆನಪಾದರು. ನಮ್ಮ ಊರಿನವರು ಕೂಲಿಗೆ ಹೋಗುವ ಅದೇ ಗೋವೆ. ರಕ್ತದಾನ ಮಾಡುತ್ತಿದ್ದ ಯುವಕ. 1989ರಲ್ಲಿ ಪೊಲೀಸರು ಬಂದು ಕರೆದೊಯ್ದು, ಹಳೆಯ ಕ್ಷಯರೋಗ ಆಸ್ಪತ್ರೆಯೊಂದರಲ್ಲಿ 64 ದಿನ ಕೂಡಿಹಾಕಿದರು. ಅವರ ರಕ್ತದಲ್ಲಿ ಏನಿದೆಯೆಂಬುದು ಅವರಿಗಿಂತ ಮೊದಲು ಪೊಲೀಸರಿಗೆ ಗೊತ್ತಿತ್ತು. ತಾಯಿ, ಗೆಳೆಯರು ಕೋರ್ಟಿಗೆ ಹೋಗಿ ಹೋರಾಡಿದರು. ಬಿಡುಗಡೆಯಾಗಿ ಬಂದ ಮೇಲೆ ತಮ್ಮಂಥವರಿಗಾಗಿ ದುಡಿದು 1992ರಲ್ಲಿ ತೀರಿಕೊಂಡರು. ಒಪ್ಪಿಗೆ, ಗುಟ್ಟು ಎಂಬ ಶಬ್ದಗಳು ಕಾನೂನಿನೊಳಗೆ ಪುಕ್ಕಟೆಯಾಗಿ ಬಂದವಲ್ಲ ಎಂದೆ.

‘ಹಂಗಾರ ರಕ್ತಾ ಕೊಡೂದು ಬ್ಯಾಡೇನ್ರಿ?’ ಎಂದು ಎನ್ನೆಸ್ಸೆಸ್ ಹುಡುಗ ಕೇಳಿದ. ಕೊಡಬೇಕಪ್ಪಾ, ಕೊಡುವವರಿಗೆ ಹೊಸ ಸೂಜಿ, ಅದರಿಂದ ಸೋಂಕು ಬರುವುದಿಲ್ಲ. ಆದರೆ ಇವನೇ ಆಮೇಲೆ ಹೊರಗೆ ಸಿಕ್ಕು ಹೇಳಿದ ಮಾತು ನನ್ನನ್ನು ಗಾಬರಿಗೊಳಿಸಿತು. ‘ನಮ್ಮ ಗೆಳ್ಯಾರು ಟೆಸ್ಟ್ ಬೇಕಾದ್ರ ರಕ್ತದಾನ ಶಿಬಿರಕ್ಕ ಹೋಗ್ತಾರ್ರಿ. ಅಲ್ಲಿ ಯಾರೂ ಯಾಕ ಬಂದಿ ಅನ್ನೂದಿಲ್ಲ. ಮತ್ತ ಫೋನ್ ಬರಲಿಲ್ಲಂದ್ರ ಏನಿಲ್ಲ ಅಂತ ತಿಳ್ಕೊಳ್ತಾರ.’ ಎಲ್ಲ ರಕ್ತವನ್ನೂ ಅಲ್ಲಿ ಪರೀಕ್ಷಿಸುತ್ತಾರೆ, ನಿಜ. ಆದರೆ ಸೋಂಕು ತಗಲಿದ ಹೊಸದರಲ್ಲಿ ಗುರುತು ಸಿಗದೆ ಹೋದರೆ ಆ ಬಾಟಲಿ ಯಾವುದೋ ಬಾಣಂತಿಗೆ, ಯಾವುದೋ ಕೂಸಿಗೆ ಹೋಗುತ್ತದೆ. ಒಂದು ಬೆಂಚಿಗೆ ಹೆದರಿ ಮಾಡುವ ಕೆಲಸ ಇದು. ಅವನನ್ನು ಅಲ್ಲೇ ಕಟ್ಟೆಯ ಮೇಲೆ ಕೂರಿಸಿ ಬಿಡಿಸಿ ಹೇಳಿದೆ. ‘ನಿನ್ನ ಗೆಳೆಯರಿಗೆ ನೀನೇ ಹೇಳು, ನಾ ಹೇಳಿದ್ರ ಕೇಳೂದಿಲ್ಲ’ ಎಂದೆ. ತಲೆಯಾಡಿಸಿದ. ಹೋಗುವ ಮುಂದೆ ಕೇಳಿದ: ‘ಮೇಡಂ, ನೀವು ಮಾಡಿಸೀರೇನ್ರಿ?’

ಇಲ್ಲ ಎಂದೆ. ಬೇರೆ ಏನು ಹೇಳುವುದು.

11 ಡಿಸೆಂಬರ್, ಬುಧವಾರ

ನಿನ್ನೆ ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ತೀರಿಕೊಂಡರು, ಇವತ್ತು ರಜೆ. ಮಗನ ಜನನ ಪ್ರಮಾಣಪತ್ರ ಹುಡುಕಲೆಂದು ಟ್ರಂಕು ತೆಗೆದೆ. ಹೆರಿಗೆಯ ಹಳೆಯ ಫೈಲು ಸಿಕ್ಕಿತು, 2010ರದು. ಪ್ರಯೋಗಾಲಯದ ಚೀಟಿ ಬೆಳ್ಳಗಾಗಿದೆ, ಆದರೂ ಓದಬಹುದು. ಹಿಮೋಗ್ಲೋಬಿನ್ 10.2. ರಕ್ತದ ಗುಂಪು. ಸಕ್ಕರೆ. ಅದರ ಕೆಳಗೆ ‘ಎಚ್.ಐ.ವಿ. – ಎನ್.ಆರ್.’

ನಾನ್ ರಿಯಾಕ್ಟಿವ್. ಹದಿನಾಲ್ಕು ವರ್ಷದಿಂದ ನನ್ನ ಟ್ರಂಕಿನಲ್ಲೇ ಇತ್ತು.

ಆ ಹುಡುಗನಿಗೆ ನಾನು ಸುಳ್ಳು ಹೇಳಿದಂತಾಯಿತಲ್ಲ. ಆದರೆ ನನಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ‘ಕೈ ಚಾಚವ್ವಾ’ ಎಂದರು, ಚಾಚಿದೆ. ಬಸುರಿಯರಿಗೆ ಈ ಪರೀಕ್ಷೆ ಆಗಲೇಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಔಷಧವಿಲ್ಲದಿದ್ದರೆ ನೂರರಲ್ಲಿ 15ರಿಂದ 45 ಕೂಸುಗಳಿಗೆ ತಾಯಿಯಿಂದ ಸೋಂಕು ಹೋಗಬಹುದು, ಔಷಧ ಕೊಟ್ಟರೆ ಅದು ಐದಕ್ಕಿಂತ ಕೆಳಗೆ ಇಳಿಯುತ್ತದೆ. ಕೇಳಿದ್ದರೆ ನಾನು ಹೂಂ ಅನ್ನುತ್ತಿದ್ದೆ, ಎರಡೂ ಕೈ ಚಾಚುತ್ತಿದ್ದೆ. ಒಂದು ಮಾತು, ಅರ್ಧ ನಿಮಿಷ. ಒಂದು ವೇಳೆ ಗೆರೆ ಬಂದಿದ್ದರೆ? ನನಗಿಂತ ಮೊದಲು ಹೊರಗೆ ಕೂತಿದ್ದ ಅತ್ತೆಗೆ ಹೇಳುತ್ತಿದ್ದರೇನೋ. ನನ್ನ ತಾಟೂ ಹಿತ್ತಲಿಗೆ ಹೋಗುತ್ತಿತ್ತೇನೋ. ಮಧ್ಯಾಹ್ನವಿಡೀ ಆ ಚೀಟಿ ಕೈಯಲ್ಲಿ ಹಿಡಿದು ಕೂತಿದ್ದೆ. ರಿಮ್ಯಾಂಡ್ ಹೋಮಿನ ಹೆಂಗಸರು ಕಣ್ಣ ಮುಂದೆ ಬಂದರು.

13 ಡಿಸೆಂಬರ್, ಶುಕ್ರವಾರ

ಹೋಗಿ ಬಂದೆ. ಹಿಂದಿನ ಬಾಗಿಲಿನ ಬೀಗ ತೆಗೆದಿದ್ದಾರೆ, ಆದರೆ ನಾನು ಮುಂದಿನಿಂದಲೇ ಹೋಗಿ ಆ ಬೆಂಚಿನ ಮೇಲೆ ಕೂತೆ. ಹದಿನೈದು ನಿಮಿಷ. ಚೀಟಿ ಸಾಲಿನಲ್ಲಿ ನಮ್ಮ ಓಣಿಯ ಕಿರಾಣಿ ಅಂಗಡಿಯವರ ಹೆಂಡತಿ ಇದ್ದರು. ನನ್ನನ್ನು ನೋಡಿ, ನಗಲು ಹೋಗಿ, ಬಾಗಿಲ ಮೇಲಿನ ಫಲಕ ನೋಡಿ ಮುಖ ತಿರುಗಿಸಿದರು. ಕಿವಿ ಬಿಸಿಯಾಯಿತು. ಮದುವೆಯಾಗಿ ಹದಿನಾರು ವರ್ಷವಾದ, ಸರಕಾರಿ ಸಂಬಳದ ಹೆಂಗಸಿಗೇ ಹೀಗಾದರೆ ಆ ಮಕ್ಕಳಿಗೆ ಹೇಗಾಗಬೇಡ.

ಸಮಾಲೋಚಕಿ ಪರಿಚಯದ ನಗು ನಕ್ಕರು, ಬಾಗಿಲು ಹಾಕಿದ ಮೇಲೆ ಬೇರೆಯೇ ಆದರು. ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನೇ ನನಗೂ ಕೇಳಿದರು, ಒಂದನ್ನೂ ಬಿಡಲಿಲ್ಲ. ಕೊನೆಗೆ ಕಾಗದ ಮುಂದಿಟ್ಟು ‘ನಿಮ್ಮ ಒಪ್ಪಿಗಿ ಐತೇನ್ರಿ? ಬ್ಯಾಡಂದ್ರ ಈಗರ ಎದ್ದು ಹೋಗಬಹುದು’ ಎಂದರು. ಸಹಿ ಮಾಡುವಾಗ ಕಣ್ಣು ತುಂಬಿದವು. ಫಲಿತಾಂಶಕ್ಕೆ ಹೆದರಿ ಅಲ್ಲ.

ರಾತ್ರಿ ಇವರಿಗೆ ಹೇಳಿದೆ. ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ‘ಯಾಕ, ಏನಾಗೇತಿ ನಿನಗ?’ ಏನೂ ಆಗಿಲ್ಲ ಎಂದೆ. ‘ಮತ್ತ? ನನ್ನ ಮ್ಯಾಲೆ ಸಂಶೆ ಏನು?’ ಇಲ್ಲರೀ ಎಂದೆ, ನೀವೂ ಒಮ್ಮೆ ಮಾಡಿಸಿದರೆ ಒಳ್ಳೆಯದಲ್ಲವೇ ಎಂದೆ. ಉತ್ತರ ಬರಲಿಲ್ಲ. ಕೈ ತೊಳೆದು ಎದ್ದರು.

16 ಡಿಸೆಂಬರ್, ಸೋಮವಾರ

ಮೂರು ದಿನ ಮನೆಯಲ್ಲಿ ಮಾತು ಕಡಿಮೆ. ಮತ್ತೆ ಕೇಳಬೇಕೆನಿಸುತ್ತದೆ, ತಡೆದುಕೊಂಡಿದ್ದೇನೆ. ಬೇಡ ಎನ್ನುವ ಹಕ್ಕಿಗಾಗಿ ಪ್ರಿನ್ಸಿಪಾಲರ ಎದುರು ನಿಂತವಳು ಮನೆಯಲ್ಲಿ ಹಟ ಹಿಡಿದು ಕೂರಬಹುದೇ? ಹೇಳುವುದು ಹೇಳಿದ್ದೇನೆ. ಕಷ್ಟವಿದೆ.

20 ಡಿಸೆಂಬರ್, ಶುಕ್ರವಾರ

ಸಭೆಯಲ್ಲಿ ಪ್ರಶ್ನೆ ಕೇಳಿದ ಹುಡುಗಿ ಇವತ್ತು ತರಗತಿ ಮುಗಿದ ಮೇಲೆ ನಿಂತಳು. ಎಲ್ಲರೂ ಹೋಗಲೆಂದು ಕಾದು, ಕಿಟಕಿಯ ಹತ್ತಿರ ಬಂದಳು. ಸೆಮಿಸ್ಟರ್ ಪರೀಕ್ಷೆ ಮುಗಿದೊಡನೆ ಮದುವೆಯಂತೆ. ಹುಡುಗ ಪುಣೆಯಲ್ಲಿ ಕಂಪನಿ ಕೆಲಸ, ದೂರದ ಸಂಬಂಧಿಕರೇ.

‘ಮೇಡಂ, ಅವರು ನನ್ನ ಕುಂಡಲಿ ಕೇಳಿದ್ರು, ಬಣ್ಣ ನೋಡಿದ್ರು, ನಡದ ತೋರ್ಸು ಅಂದ್ರು. ಬಂಗಾರ ಎಷ್ಟ ಹಾಕ್ತೀರಿ ಅಂತ ಕೇಳಿದ್ರು. ನಾನು ಒಂದ ಕೇಳಬೇಕಂತ ಮಾಡೀನ್ರಿ. ಇಬ್ಬರೂ ಕೂಡಿ ಆ ಟೆಸ್ಟ್ ಮಾಡಿಸೋಣು ಅಂತ. ಅದನ್ನ ಹೆಂಗ ಕೇಳೂದ್ರಿ?’

ನನಗೆ ಉತ್ತರ ಗೊತ್ತಿರಲಿಲ್ಲ. ಕೇಂದ್ರದಲ್ಲಿ ಜೋಡಿಯಾಗಿ ಹೋದವರನ್ನೂ ಕೂರಿಸಿಕೊಂಡು ಮಾತಾಡುತ್ತಾರೆ, ಹದಿನೆಂಟು ತುಂಬಿದ್ದರೆ ನಿನ್ನ ಪರೀಕ್ಷೆಗೆ ನಿನ್ನ ಒಪ್ಪಿಗೆ ಸಾಕು, ಅವನದಕ್ಕೆ ಅವನ ಒಪ್ಪಿಗೆ ಬೇಕು ಎಂದೆಲ್ಲ ಹೇಳಿದೆ. ಅದೆಲ್ಲ ಅವಳಿಗೆ ಸಭೆಯಲ್ಲೇ ತಿಳಿದಿತ್ತು. ‘ಅಪ್ಪಾಗ ಹೇಳಿದ್ರ ಹೊಡೀತಾನ. ಅವರಿಗೆ ಹೇಳಿದ್ರ ಹುಡಿಗಿ ಹೆಂಥಾಕಿನೋ ಅಂತ ಸಂಬಂಧ ಬಿಡ್ತಾರ’ ಎಂದಳು. 2007ರಲ್ಲಿ ನಮ್ಮ ರಾಜ್ಯವೂ ಸೇರಿ ಹಲವು ಕಡೆ ಶಾಲೆಗಳ ಹದಿಹರೆಯದ ಶಿಕ್ಷಣ ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲ ಎಂದು ನಿಂತಿತು. ಅವತ್ತು ಈ ಹುಡುಗಿ ಬಾಲವಾಡಿಯಲ್ಲಿದ್ದಳು. ಹೇಗೆ ಕೇಳಬೇಕು ಎಂದು ನಮ್ಮ ಭಾಷೆಯಲ್ಲಿ ಒಂದು ವಾಕ್ಯವನ್ನು ನಾವು ಯಾರೂ ಅವಳಿಗೆ ಮಾಡಿಕೊಟ್ಟಿಲ್ಲ.

‘ಮೊದಲು ನೀನು ಮಾಡಿಸಿಕೊಂಡು, ನಾನು ಮಾಡಿಸೀನಿ, ನೀವೂ ಮಾಡಿಸ್ರಿ ಅಂದ್ರ?’ ಎಂದೆ. ನನ್ನ ಮನೆಯಲ್ಲಿ ಅದೇ ಮಾತು ಏನಾಯಿತೆಂದು ಹೇಳಲಿಲ್ಲ. ಆಮೇಲೆ, ಮುಚ್ಚಿಡುವುದು ತಪ್ಪೆನಿಸಿ, ಹೇಳಿಬಿಟ್ಟೆ. ಅವಳು ಮೊದಲ ಸಲ ನನ್ನನ್ನು ನೇರವಾಗಿ ನೋಡಿದಳು. ‘ನಿಮ್ಮ ಮನ್ಯಾಗೂ ಹಿಂಗ ಏನ್ರಿ?’ ಎಂದು ಪಕ್ಕದ ಬೆಂಚಿನ ಮೇಲೆ ಕೂತಳು. ಆರಕ್ಕೆ ಸಿಪಾಯಿ ಬಾಗಿಲು ಹಾಕಲು ಬರುವವರೆಗೂ ಕೂತಿದ್ದೆವು. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಆ ಮಾತನ್ನು ನಾಲ್ಕು ಬಗೆಯಲ್ಲಿ ಬರೆದು ನೋಡಿದೆವು. ಮೂರನ್ನು ಅವಳೇ ಹೊಡೆದು ಹಾಕಿದಳು.

30 ಡಿಸೆಂಬರ್, ಸೋಮವಾರ

ಎಳ್ಳಮಾಸಿ. ರಜೆ ಹಾಕಿ ಎಲ್ಲರೂ ಹೊಲಕ್ಕೆ ಹೋಗಿದ್ದೆವು. ಸಜ್ಜಿ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಪುಂಡಿಪಲ್ಯ. ಅತ್ತೆ ಮುಂದೆ ನಿಂತು ಚರಗ ಚೆಲ್ಲಿಸಿದರು. ಜೋಳ ಎದೆಯುದ್ದ ಬಂದಿದೆ. ಇವರು ಬದುವಿನ ಮೇಲೆ ಪಕ್ಕದಲ್ಲೇ ಕೂತು ಉಂಡರು, ತಮ್ಮ ತಾಟಿನ ಕಡಬೊಂದನ್ನು ನನ್ನ ತಾಟಿಗೆ ಹಾಕಿದರು. ಆ ಮಾತು ಅವರು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

4 ಜನವರಿ 2025, ಶನಿವಾರ

ವರದಿ ಕೊಡುವ ದಿನ. ಜಾಥಾದಲ್ಲಿ ಎಷ್ಟು ಮಂದಿ, ಪೋಸ್ಟರ್ ಎಷ್ಟು, ಪ್ರಶ್ನೆಪೆಟ್ಟಿಗೆಗೆ ಒಟ್ಟು ಚೀಟಿ ಎಷ್ಟು (118), ಎಲ್ಲ ತುಂಬಿದೆ. ಉಳಿದದ್ದು ಒಂದೇ ಕಾಲಂ: ಪರೀಕ್ಷೆಗೆ ಒಳಗಾದ ವಿದ್ಯಾರ್ಥಿಗಳ ಸಂಖ್ಯೆ. ಸಮಾಲೋಚಕಿಗೆ ಫೋನ್ ಮಾಡಿದೆ.

‘ನಮ್ಮ ಕಾಲೇಜಿನವರು ಎಷ್ಟ ಮಂದಿ ಬಂದಿದ್ರು? ಹೆಸರು ಬ್ಯಾಡ, ಸುಮ್ಮ ಸಂಖ್ಯೆ ಹೇಳ್ರಿ ಸಾಕು.’

ಆ ಕಡೆ ಸ್ವಲ್ಪ ಹೊತ್ತು ಮೌನ. ‘ಮೇಡಂ, ಅದೊಂದು ಮಾತ್ರ ನನ್ನ ಕೇಳಬ್ಯಾಡ್ರಿ. ಹತ್ತು ಅಂದ್ರ, ಯಾರು ಆ ಹತ್ತು ಅಂತ ನಾಳೆ ನಿಮ್ಮ ಕಾಲೇಜಿನಾಗ ಹುಡುಕ್ತಾರ. ಒಂದು ಅಂದ್ರ ಇನ್ನೂ ಲಗೂ ಹುಡುಕ್ತಾರ.’

ತಪ್ಪಾಯಿತು ಎಂದೆ. ‘ಹಿಂದಿನ ಬಾಗಲಾ ಬಳಕೆ ಆಗಾಕತ್ತೈತ್ರಿ’ ಎಂದಷ್ಟೇ ಹೇಳಿ ಫೋನ್ ಇಟ್ಟರು.

ಆ ಕಾಲಮ್ಮಿನಲ್ಲಿ ‘ಕಾಯ್ದೆಯ ಪ್ರಕಾರ ಗೋಪ್ಯ’ ಎಂದು ಬರೆದು ಒಯ್ದೆ. ಪ್ರಿನ್ಸಿಪಾಲರು ಕನ್ನಡಕ ಏರಿಸಿ ಆ ಸಾಲನ್ನು ಓದಿದರು. ‘ಇದೇನ್ರಿ, ಸಂಖ್ಯೆ ಇಲ್ಲಲ್ಲ?’

‘ನನಗೂ ಹೇಳಲಿಲ್ಲ ಸರ್.’

ಇನ್ನೊಮ್ಮೆ ಓದಿದರು. ಜೇಬಿನಿಂದ ಹಸಿರು ಶಾಯಿಯ ಪೆನ್ನು ತೆಗೆದು ಸಹಿ ಹಾಕಿ ಕೊಟ್ಟರು.